ಕೈಯ ಭಾಷೆಗೂ ಒಂದು ಮಣೆ

ನಮ್ಮ ಕಾಸರಗೋಡನ್ನು ಸಪ್ತಭಾಷೆಗಳ ನಾಡು ಎಂದು ಭಾಷಣಗಳಲ್ಲಿ ಹೊಗಳುವುದು ರೂಢಿ. ಹೊಸಂಗಡಿ ಪೇಟೆಯಲ್ಲಿ ಹತ್ತು ನಿಮಿಷ ನಿಂತರೆ ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲವೂ ಕಿವಿಗೆ ಬೀಳುತ್ತವೆ. ಆದರೆ ಕಿವಿಗೆ ಬೀಳದ ಒಂದು ಭಾಷೆಯೂ ಉಂಟು: ಕಿವುಡರ ಸಂಜ್ಞಾಭಾಷೆ. ಅದನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ.

ಕಿವಿ ಕೇಳದವರಿಗೆ ಕೆಲಸ ಕೊಡುವ ವಿಷಯ ಬಂದರೆ "ಪಾಪ, ಎಂತಾದರೂ ಕೊಡುವ" ಅನ್ನುವವರಿದ್ದಾರೆ. ಒಳ್ಳೆಯ ಮನಸ್ಸಿನ ಮಾತೇ. ಆದರೆ ಇದು ಕರುಣೆಯ ವಿಷಯವೋ, ನ್ಯಾಯದ ವಿಷಯವೋ? ನನಗೆ ಉತ್ತರ ಸಿಗುವುದು ನಮ್ಮದೇ ಚರಿತ್ರೆಯಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅರ್ಥವಾಗದ ಅರ್ಜಿ ನಮೂನೆ ಹಿಡಿದು ಕಚೇರಿಯಲ್ಲಿ ನಿಲ್ಲುವ ಕಷ್ಟ ಇಲ್ಲಿನ ಕನ್ನಡಿಗರಿಗೆ ಗೊತ್ತು. ಹಾಗೆ ನಿಂತವನು ದಡ್ಡನಲ್ಲ. ಕಚೇರಿಗೆ ಅವನ ಭಾಷೆ ಬರುವುದಿಲ್ಲ, ಅಷ್ಟೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ವ್ಯವಹರಿಸಲು ಅವಕಾಶ ಕೊಟ್ಟಿತು. ಅದನ್ನು ನಾವು ದಾನವೆಂದು ಬೇಡುವುದಿಲ್ಲ, ಹಕ್ಕೆಂದು ಕೇಳ್ತೇವೆ. ಹಾಗಿದ್ದ ಮೇಲೆ ಕಿವುಡ ನೌಕರನ ಪಾಲಿಗೆ ಮಾತ್ರ ಅದು ದಾನ ಆಗೋದು ಹೇಗೆ?

ಒಂದು ವ್ಯತ್ಯಾಸವಂತೂ ಉಂಟು. ನಮ್ಮ ಮಕ್ಕಳು ಪೇಟೆಯಲ್ಲಿ ಓಡಾಡಿಯೇ ಮಲಯಾಳ ಕಲಿಯುತ್ತಾರೆ. ಕಿವುಡರಿಗೆ ಹಾಗೆ ಕೇಳಿ ಕಲಿಯುವ ದಾರಿಯಿಲ್ಲ. "ತುಟಿ ನೋಡಿ ತಿಳ್ಕೊಳ್ಳಲಿ" ಎನ್ನುವವರು ಕನ್ನಡಿಯ ಮುಂದೆ ನಿಂತು, ಸ್ವರ ಹೊರಡಿಸದೆ ‘ಮಳೆ’, ‘ಬಳೆ’ ಎಂದು ಹೇಳಿ ನೋಡಲಿ. ಎರಡಕ್ಕೂ ತುಟಿ ಒಂದೇ ರೀತಿ ಕೂಡುತ್ತದೆ. ಆದ್ದರಿಂದ ಹೊರೆಯ ದೊಡ್ಡ ಪಾಲು ಕಿವಿ ಕೇಳುವವರದೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರಕಾರಿ ಹುದ್ದೆಗಳಲ್ಲಿ ಶೇ. 4ರಷ್ಟನ್ನು ಮೀಸಲಿಟ್ಟಿದೆ. ಅದರಲ್ಲಿ ಶೇ. 1 ಕಿವುಡರಿಗೆ ಮತ್ತು ಕಿವಿ ಮಂದವಿರುವವರಿಗೆ. ಆದರೆ ಕುರ್ಚಿ ಸಿಕ್ಕಿದ ಮಾತ್ರಕ್ಕೆ ಜೊತೆ ಸಿಕ್ಕಿತು ಎನ್ನಲಾಗದು. ನಾಲ್ಕು ಜನ ಚಹಾ ಕುಡಿಯುತ್ತ ನಗುವಾಗ, ಎಂತ ಎಂದು ಕೈಯಲ್ಲಿ ಕೇಳಿದವನಿಗೆ "ಏನಿಲ್ಲ, ಮತ್ತೆ ಹೇಳ್ತೇನೆ" ಎಂಬ ಉತ್ತರ. ಆ ‘ಮತ್ತೆ’ ಬರುವುದೇ ಇಲ್ಲ. ಯಾವ ಹುದ್ದೆ ಖಾಲಿ, ಯಾವ ಪರೀಕ್ಷೆಗೆ ಅರ್ಜಿ ಕರೆದಿದ್ದಾರೆ ಎಂಬ ಸುದ್ದಿಗಳೆಲ್ಲ ಓಡಾಡುವುದು ಇಂಥ ಹರಟೆಯಲ್ಲೇ. ಅದು ತಪ್ಪಿದವನಿಗೆ ಬಡ್ತಿಯೂ ತಪ್ಪೀತು.

ಮಾಡಬೇಕಾದ್ದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಮುಖಕ್ಕೆ ಬೆಳಕು ಬೀಳುವಂತೆ ಎದುರು ನಿಂತು ಮಾತಾಡುವುದು, ಸಭೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಮಾತಾಡುವುದು, ತೀರ್ಮಾನವನ್ನು ಬರೆದು ಕೊಡುವುದು, ಎಚ್ಚರಿಕೆಯ ಗಂಟೆ ಇದ್ದಲ್ಲಿ ಮಿನುಗುವ ದೀಪವನ್ನೂ ಇಡುವುದು, ಮುಖ್ಯ ಸಭೆಗೆ ಸಂಜ್ಞಾಭಾಷೆಯ ದುಭಾಷಿಯನ್ನು ಕರೆಸುವುದು. ಲೆಮನ್ ಟ್ರೀ ಹೋಟೆಲಿನವರು 2007ರಿಂದ ಕಿವುಡರನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದಾರೆ. ಉಳಿದ ಸಿಬ್ಬಂದಿಗೂ ಸಂಜ್ಞೆ ಕಲಿಸುತ್ತಾರೆ. ದೆಹಲಿಯ ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2018ರಲ್ಲಿ 3,000 ಪದಗಳ ನಿಘಂಟು ತಂದಿತು. 2021ಕ್ಕೆ ಅದು 10,000 ಪದಗಳಿಗೆ ಬೆಳೆಯಿತು. ಮೊಬೈಲಿನಲ್ಲೇ ಅದರ ವಿಡಿಯೊ ನೋಡಿ ಕಲಿಯಬಹುದು.

ಮಂಜೇಶ್ವರದ ಗೋವಿಂದ ಪೈಗಳು ಬಹುಭಾಷಾ ಪಂಡಿತರೆಂದು ನಾವು ಹೆಮ್ಮೆಪಡುತ್ತೇವೆ. ಅವರ ಊರ ಮಗ್ಗುಲಿನ ನಮಗೆ ಹತ್ತು ಸಂಜ್ಞೆ ಕಲಿಯುವುದು ಕಷ್ಟವಾ? ಅಂಗಡಿಯಿಂದ ಪಂಚಾಯತು ಕಚೇರಿಯವರೆಗೆ, ಜೊತೆಗೆ ಕೆಲಸ ಮಾಡುವವರಲ್ಲಿ "ಊಟ ಆಯ್ತಾ" ಎಂದು ಅವರ ಭಾಷೆಯಲ್ಲಿ ಕೇಳುವಷ್ಟಾದರೂ ಕಲಿಯುವ. ಹಕ್ಕು ಕೇಳಿದವರಿಗೆ ಕೊಡುವ ಸರದಿಯೂ ಬರುತ್ತದಲ್ಲ.