ಹಿಟ್ಟಿನ ಕೋಳಿ, ಹಸಿರು ರಕ್ತ

ಅಂಕೋಲೆಯಿಂದ ಕಾರವಾರದ ಕಾಲೇಜುಗಳಿಗೆ ಬಸ್ಸಿನಲ್ಲಿ ಹೋಗಿಬರುವ ತರುಣರ ಕೈಯಲ್ಲಿ ಮೊಬೈಲ್ ಆಟವು ಇಂದು ಸಾಮಾನ್ಯ ದೃಶ್ಯ. ಅವುಗಳಲ್ಲಿ ಬಹು ಜನಪ್ರಿಯವಾದುದು ಬಂದೂಕಿನ ಆಟ. ನೂರು ಮಂದಿ ಒಂದು ದ್ವೀಪಕ್ಕಿಳಿದು ಹೋರಾಡುತ್ತಾರೆ. ಕೊನೆಗೆ ಉಳಿದವನು ಗೆದ್ದಂತೆ. ಇಲ್ಲಿ ಯಾವ ಜೀವವೂ ಸಾಯುವುದಿಲ್ಲ. ಹಾಗಾದರೆ ಅಹಿಂಸಾಣುವ್ರತವನ್ನು ಪಾಲಿಸುವ ಶ್ರಾವಕನ ಮನೆಯಲ್ಲಿ ಇದಕ್ಕೆ ಆಕ್ಷೇಪವೇಕೆ?

ಇದೇ ಬಗೆಯ ಪ್ರಶ್ನೆಯನ್ನು ಜನ್ನಕವಿಯು 1209ರಲ್ಲಿಯೇ 'ಯಶೋಧರ ಚರಿತೆ'ಯಲ್ಲಿ ಎತ್ತಿದ್ದಾನೆ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಯಶೋಧರನು ಜೀವವಧೆಗೆ ಒಲ್ಲದೆ ಹಿಟ್ಟಿನ ಕೋಳಿಯನ್ನು ಬಲಿಗೊಟ್ಟನು. ಅಷ್ಟರಿಂದಲೇ ತಾಯಿಮಕ್ಕಳಿಬ್ಬರೂ ಅನೇಕ ತಿರ್ಯಗ್ಜನ್ಮಗಳಲ್ಲಿ ತೊಳಲಬೇಕಾಯಿತು.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರವು 'ಪಬ್‌ಜಿ ಮೊಬೈಲ್' ಆಟವನ್ನು ನಿಷೇಧಿಸಿತು. ಕೊಟ್ಟ ಕಾರಣ ಹಿಂಸೆಯಲ್ಲ, ದೇಶದ ಭದ್ರತೆ. ಮರುವರ್ಷ ಕೊರಿಯಾದ ಕ್ರಾಫ್ಟನ್ ಸಂಸ್ಥೆಯು ಅಂಥದೇ ಆಟವನ್ನು 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂಬ ಹೆಸರಿನಲ್ಲಿ ತಂದಾಗ ರಕ್ತದ ಬಣ್ಣ ಹಸಿರಾಯಿತು. 'ಕಿಲ್' ಎಂಬ ಮಾತು 'ಫಿನಿಶ್' ಆಯಿತು. ಜನ್ನನನ್ನು ಓದಿದವರಿಗೆ ಇದು ಹಿಟ್ಟಿನ ಕೋಳಿಯೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಇಷ್ಟರಿಂದಲೇ ಮಕ್ಕಳನ್ನು ಪಾಪಿಗಳೆನ್ನುವುದು ನ್ಯಾಯವಲ್ಲ. ಯಶೋಧರನಿಗೆ ಬಲಿಯ ಸಂಕಲ್ಪವಿತ್ತು, ಅದರ ಫಲದ ಆಸೆಯೂ ಇತ್ತು. ಆಡುವ ಹುಡುಗನ ಚಿತ್ತವು ಬಹುಮಟ್ಟಿಗೆ ಗುರಿಯಲ್ಲಿ, ಜತೆಗಾರರ ಕರೆಯಲ್ಲಿ ಇರುತ್ತದೆ. ಚದುರಂಗದಲ್ಲಿ ನಾವೂ ಆನೆ ಕುದುರೆಗಳನ್ನು ಹೊಡೆಯುತ್ತೇವಲ್ಲವೆ? ಆಟ ಮುಗಿದ ಮೇಲೂ ಕ್ರೋಧವು ಉಳಿದು, ಸೋಲಿಸಿದವನಿಗೆ ಕೇಡನ್ನೇ ಬಗೆಯುತ್ತ ಮಲಗಿದರೆ ಅದು ಅಪಧ್ಯಾನ. ಈ ಭೇದವನ್ನು ಅರಿಯಬೇಕಾದರೆ ತಂದೆತಾಯಿಗಳು ಮಗುವಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು ನೋಡಬೇಕು. ಬೈಗುಳದಿಂದ ಅದು ತಿಳಿಯದು.

ಹೆಚ್ಚು ಕಟುವಾಗಿ ವಿಚಾರಿಸಬೇಕಾದುದು ಮಾರುವವರನ್ನು. 1990ರ ದಶಕದ 'ಬ್ರಿಕ್ ಗೇಮ್' ಆಟಿಕೆಯನ್ನು ಒಮ್ಮೆ ಕೊಂಡರೆ ವ್ಯಾಪಾರ ಮುಗಿಯುತ್ತಿತ್ತು. 1997ರಲ್ಲಿ ನೋಕಿಯಾ ಫೋನಿಗೆ ಬಂದ ಹಾವಿನ ಆಟವೂ ಫೋನಿನ ಬೆಲೆಯಲ್ಲೇ ಸೇರಿತ್ತು. ಇಂದಿನ ಆಟವನ್ನು ಪುಕ್ಕಟೆ ಕೊಡುತ್ತಾರೆ, ವ್ಯಾಪಾರ ಆಮೇಲೆ ಆರಂಭವಾಗುತ್ತದೆ. ನಿತ್ಯ ಬಂದವನಿಗೆ ಬಹುಮಾನ; ಆಟದೊಳಗಿನ ಉಡುಪಿಗೆ ಹಣ; ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಗೂ ಹಣ. ಆಡುವವನ ಪ್ರಮಾದವನ್ನೇ ಬಂಡವಾಳ ಮಾಡಿಕೊಂಡ ವ್ಯವಹಾರವಿದು. ಹಣವನ್ನು ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಆದರೆ ಆ ಮುಚ್ಚಿದ ಪೆಟ್ಟಿಗೆಯೂ ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತಕ್ಕೆ ಬಹಳ ದೂರದ್ದಲ್ಲ ಎಂದೇ ನನ್ನ ಭಾವನೆ.

ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ಹಿಂಸಾದಾನವನ್ನೂ ಎಣಿಸಿದ್ದಾರೆ. ಕತ್ತಿ ಕೊಡಲಿಗಳಂಥ ಹಿಂಸೋಪಕರಣಗಳನ್ನು ಪರರಿಗೆ ಒದಗಿಸುವುದದು. ಫೋನು ಕತ್ತಿಯಲ್ಲ, ಪಾಠಕ್ಕೂ ಅದು ಬೇಕು. ಆದರೆ ಕಾರವಾರದಲ್ಲೋ ಅಂಕೋಲೆಯಲ್ಲೋ ಮೊಬೈಲ್ ಅಂಗಡಿಯಿಟ್ಟ ಶ್ರಾವಕನ ಬಳಿಗೆ ಶಾಲಾಬಾಲಕನೊಬ್ಬ ಒಬ್ಬನೇ ನೋಟು ಹಿಡಿದು ಬಂದು, ಆಟದ ನಾಣ್ಯ ತುಂಬಿಸಿಕೊಡಿ ಎಂದು ಕೇಳಿದರೆ? 'ಮನೆಯವರನ್ನು ಕರೆದುಕೊಂಡು ಬಾ, ತಮ್ಮಾ' ಎಂದರೆ ಆ ಗಿರಾಕಿ ಪಕ್ಕದ ಅಂಗಡಿಗೆ ಹೋದಾನು. ಆ ನಷ್ಟವನ್ನು ಹೊರಬೇಕೆಂದೇ ನನ್ನ ಅಭಿಪ್ರಾಯ. ಬಸದಿಗಳ ಆಡಳಿತ ಮಂಡಳಿಯವರು ಜಗಲಿಯಲ್ಲಿ ಮೊಬೈಲ್ ನಿಷೇಧದ ಫಲಕ ತೂಗಿಸುವ ಮುನ್ನ ಈ ವಿಷಯವನ್ನು ಸಭೆಯ ಮುಂದಿಡಲಿ. ಫಲಕವು ಮಕ್ಕಳಿಗಷ್ಟೇ ಅನ್ವಯಿಸುತ್ತದೆ. ಸಭೆಯಲ್ಲಿ ಕುಳಿತವರಲ್ಲಿ ಅಂಗಡಿಯವರೂ ಇರುತ್ತಾರೆ.