ಮಾನಕ್ಕೆ ಬೆಲೆ ಕಟ್ಟಿದವರು ಯಾರು?

ಬಡವನಿಗೆ ಮಾನ ದೊಡ್ಡದೋ, ಹಣ ದೊಡ್ಡದೋ? ಹೊಟ್ಟೆ ತುಂಬಿದವರು ಈ ಪ್ರಶ್ನೆಯನ್ನು ಯಾವಾಗಲೂ ಬಡವನ ಮುಂದೇ ಇಡುತ್ತಾರೆ. ಲೊರೇನ್ ಹ್ಯಾನ್ಸ್‌ಬೆರಿಯ ‘ಎ ರೈಸಿನ್ ಇನ್ ದ ಸನ್’ ನೋಡಿದವರಿಗೆ ಈ ಮೋಸ ತಿಳಿಯುತ್ತದೆ. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಕಪ್ಪು ಹೆಣ್ಣುಮಗಳೊಬ್ಬಳ ನಾಟಕ ಮೊದಲ ಸಲ ರಂಗವೇರಿದ್ದು ಇದರಿಂದಲೇ, 1959ರಲ್ಲಿ. 1961ರಲ್ಲಿ ಡೇನಿಯಲ್ ಪೆಟ್ರಿ ಇದನ್ನು ಸಿನಿಮಾ ಮಾಡಿದ, ಚಿತ್ರಕತೆಯೂ ಹ್ಯಾನ್ಸ್‌ಬೆರಿಯದೇ.

ಷಿಕಾಗೋದ ಇಕ್ಕಟ್ಟಾದ ಬಾಡಿಗೆ ಮನೆ, ಐದು ಜೀವ. ಬಚ್ಚಲು ಕೂಡ ನೆರೆಯವರ ಜೊತೆ ಹಂಚಿಕೊಂಡದ್ದು. ದುಡಿದು ದುಡಿದು ಸತ್ತ ಅಪ್ಪನ ವಿಮೆ ಹಣ 10,000 ಡಾಲರ್ ಬರುತ್ತದೆ. ತಾಯಿ ಲೀನಾಗೆ ಸ್ವಂತ ಮನೆ ಬೇಕು. ಧಣಿಯ ಕಾರು ಓಡಿಸೋ ಮಗ ವಾಲ್ಟರ್‌ಗೆ ಬ್ರಾಂದಿ ಅಂಗಡಿ ಇಡಬೇಕು. ಮಗಳು ಬೆನೀಥಾ ಡಾಕ್ಟರಾಗಬೇಕು. ಜಗಳ ಹತ್ತಿಕೊಳ್ಳುತ್ತದೆ. ಇದು ಕೆಟ್ಟ ಮನಸ್ಸುಗಳ ಜಗಳ ಅಲ್ಲ. ಮೂರು ಕನಸಿಗೆ ಒಂದೇ ಸಾವಿನ ದುಡ್ಡು ಅಂದಮೇಲೆ ಯಾವ ಮನೆ ತಾನೇ ತಣ್ಣಗಿದ್ದೀತು?

ತಾಯಿ 3,500 ಮುಂಗಡ ಕೊಟ್ಟು ಬಿಳಿಯರ ಬಡಾವಣೆಯಲ್ಲಿ ಮನೆ ಗೊತ್ತು ಮಾಡುತ್ತಾಳೆ. ಆ ಬಡಾವಣೆಯ ಸಂಘದಿಂದ ಲಿಂಡ್ನರ್ ಬರುತ್ತಾನೆ. ಬೈಯೋದಿಲ್ಲ, ಹೊಡೆಯೋದಿಲ್ಲ. ನೀವು ಬರಬೇಡಿ, ಕೊಟ್ಟದ್ದಕ್ಕಿಂತ ಹೆಚ್ಚು ಕೊಡ್ತೀವಿ ಅಂತ ನಯವಾಗಿ ಹೇಳುತ್ತಾನೆ. ಆ ನಯ ನಮಗೂ ಗೊತ್ತು. ವಾಲ್ಟರ್ ಅವನನ್ನು ಹೊರಗಟ್ಟುತ್ತಾನೆ. ಆದರೆ ಉಳಿದ 6,500 ಡಾಲರನ್ನು, ತಂಗಿಯ ಓದಿನ 3,000 ಸಮೇತ, ನಂಬಿದ ಪಾಲುದಾರ ಹೊತ್ತೊಯ್ದಾಗ ಅದೇ ವಾಲ್ಟರ್ ಲಿಂಡ್ನರ್‌ನನ್ನು ಮತ್ತೆ ಕರೆಸುತ್ತಾನೆ. ಮಂಡಿಯೂರಿ ಹೇಗೆ ಬೇಡಬೇಕು ಅಂತ ಮನೆಯವರೆದುರೇ ಆಡಿ ತೋರಿಸುತ್ತಾನೆ. ಸಿಡ್ನಿ ಪಾಟಿಯೇ ಅಲ್ಲಿ ನಟಿಸೋದು ಒಬ್ಬನ ಸೋಲನ್ನಲ್ಲ, ತಲೆಮಾರುಗಳ ಬೆನ್ನು ಬಾಗಿದ್ದನ್ನ.

ಹಣ ತಗೊಂಡ್ರೆ ತಪ್ಪೇನು? ಅವನು ಕಳ್ಳನಲ್ಲ, ಕಳಕೊಂಡವನು. ತಂಗಿ ಅವನನ್ನು ಅಣ್ಣನೇ ಅಲ್ಲ ಅನ್ನುತ್ತಾಳೆ. ತಾಯಿ ಮಾತ್ರ, ಬಿದ್ದವನನ್ನೇ ಹೆಚ್ಚು ಪ್ರೀತಿಸಬೇಕು ಅನ್ನುತ್ತಾಳೆ. ಆದರೂ ಲಿಂಡ್ನರ್ ಬಂದಾಗ ಮೊಮ್ಮಗ ಟ್ರಾವಿಸ್‌ನನ್ನು ಅಲ್ಲೇ ನಿಲ್ಲಿಸುತ್ತಾಳೆ. ಮಗನ ಕಣ್ಣೆದುರು ವಾಲ್ಟರ್‌ಗೆ ಕೈ ಚಾಚಲು ಆಗೋದಿಲ್ಲ. ಮಾನ ಒಬ್ಬನ ಜೇಬಿನ ಕಾಸಲ್ಲ. ಅದು ಸತ್ತ ಅಪ್ಪನದು, ಬೆಳೆಯೋ ಕೂಸಿನದು. ತನ್ನದಲ್ಲದ್ದನ್ನು ಅವನು ಹೇಗೆ ಮಾರಿಯಾನು?

ನಾವು ಚಪ್ಪಾಳೆ ಹೊಡೀತೀವಿ. ಆದರೆ ಸಿನಿಮಾ ಮುಗಿದ ಮೇಲಿನ ಬದುಕು ಹ್ಯಾನ್ಸ್‌ಬೆರಿಗೆ ಗೊತ್ತಿತ್ತು. 1937ರಲ್ಲಿ ಆಕೆಯ ಅಪ್ಪ ಬಿಳಿಯರ ನಡುವೆ ಮನೆ ಕೊಂಡಾಗ ಗುಂಪು ನೆರೆದಿತ್ತು, ಕಲ್ಲು ಬಿದ್ದಿತ್ತು. ಸುಪ್ರೀಂ ಕೋರ್ಟಿನಲ್ಲಿ ಗೆಲ್ಲಲು 1940 ಆಯಿತು.

ವಾಲ್ಟರ್ ಮಾನವಂತನೋ ಅಲ್ಲವೋ ಅಂತ ಎಲ್ಲರೂ ತೂಗುತ್ತಾರೆ. ಮಾನಕ್ಕೆ ಬೆಲೆ ಕಟ್ಟಿ ಚೀಲ ಹಿಡಿದು ಬಂದವನನ್ನು ಯಾರೂ ತಕ್ಕಡಿಗೆ ಹತ್ತಿಸೋದಿಲ್ಲ. ಮೊದಲು ಹತ್ತಿಸಬೇಕಾದ್ದು ಅವನನ್ನ.