ದುಡಿಮೆ ನಿಂತರೂ ಕುಂದದ ಬೆಲೆ

ಚೋರನೂರು ಹೋಬಳಿ ಸೇರಿರುವ ಸಂಡೂರು ತಾಲ್ಲೂಕಿನಲ್ಲಿ ಲೆಕ್ಕವೆಲ್ಲ ಅದಿರಿನ ಟನ್ನುಗಳಲ್ಲಿ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದಾಗ ಅದಿರಿನ ಲಾರಿಗಳು ನಿಂತವು. ಅವನ್ನೇ ನಂಬಿದವರ ಕೂಲಿಯೂ ನಿಂತಿತು. ಮನೆಯಲ್ಲಿ ಕೂತ ಆ ಕೂಲಿಯಾಳಿನ ಬೆಲೆ ಹಿಂದಿನ ದಿನಕ್ಕಿಂತ ಕಡಿಮೆಯಾಯಿತೇ? ಇಲ್ಲ ಎನ್ನುತ್ತದೆ ಕಥೋಲಿಕ ಚಿಂತನೆ.

ಬೈಬಲಿನ ಆದಿಕಾಂಡದ ಪ್ರಕಾರ ದೇವರು ಮನುಷ್ಯನನ್ನು ತನ್ನ ಹೋಲಿಕೆಯಲ್ಲಿ ಸೃಷ್ಟಿಸಿದ. ಮನುಷ್ಯ ಯಾವ ಕೆಲಸಕ್ಕೂ ಕೈಹಚ್ಚುವ ಮೊದಲೇ ಆ ಘನತೆ ಅವನದಾಗಿತ್ತು. ದುಡಿದು ಪಡೆದದ್ದಲ್ಲವಾದ್ದರಿಂದ ದುಡಿಮೆ ತಪ್ಪಿದರೆ ಅದು ಹೋಗುವುದೂ ಇಲ್ಲ. 2024ರ ಏಪ್ರಿಲ್‌ನಲ್ಲಿ ವ್ಯಾಟಿಕನ್ ಪ್ರಕಟಿಸಿದ ಘೋಷಣೆ ಇದನ್ನು ಬಿಡಿಸಿ ಹೇಳುತ್ತದೆ: ಕೆಟ್ಟ ನಡತೆಯಿಂದ ಒಬ್ಬನ ನೈತಿಕ ಘನತೆಗೆ ಕುಂದು ಬರಬಹುದು, ಕಡುಬಡತನ ಅವನನ್ನು ಘನತೆಯಿಲ್ಲದ ಬದುಕಿಗೆ ತಳ್ಳಬಹುದು, ಆದರೆ ಮನುಷ್ಯನಾಗಿರುವುದರಿಂದಲೇ ಬಂದ ಘನತೆ ಯಾವ ಸ್ಥಿತಿಯಲ್ಲೂ ಅಳಿಯದು.

ಇದನ್ನು ಮರೆತರೆ ಏನಾದೀತು ಎಂಬುದಕ್ಕೆ ಇತಿಹಾಸದ ಸಾಕ್ಷಿಯಿದೆ. ನಾತ್ಸಿ ಜರ್ಮನಿ ಅಂಗವಿಕಲರನ್ನೂ ಮನೋರೋಗಿಗಳನ್ನೂ ದಂಡದ ಕೂಳಿನವರೆಂದು ಬಗೆದು, 1941ರ ಆಗಸ್ಟ್ ಹೊತ್ತಿಗೆ 70 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೊಂದಿತ್ತು. ಆ ತಿಂಗಳ 3ರಂದು ಮ್ಯೂನ್‌ಸ್ಟರ್‌ನ ಬಿಷಪ್ ಕ್ಲೆಮೆನ್ಸ್ ಫಾನ್ ಗಾಲೆನ್ ಚರ್ಚಿನಲ್ಲೇ ಇದನ್ನು ಖಂಡಿಸಿದರು. ಇವರೇನು ಕೆಟ್ಟುನಿಂತ ಯಂತ್ರಗಳೇ ಎಂಬುದು ಅವರ ವಾದದ ತಿರುಳು. ಉಪಯೋಗವೇ ಅಳತೆಗೋಲಾದರೆ ನಾಳೆ ಮುಪ್ಪಾದ ಎಲ್ಲರ ಸರದಿಯೂ ಬರುತ್ತದೆ ಎಂದು ಎಚ್ಚರಿಸಿದರು.

ಅದೇ ಕಾಲದಲ್ಲಿ ಪೋಲೆಂಡಿನ ಕ್ರಾಕೋವ್ ಬಳಿಯ ಸುಣ್ಣದಕಲ್ಲಿನ ಕ್ವಾರಿಯಲ್ಲಿ ಕರೋಲ್ ವೊಯ್ತಿವಾ ಎಂಬ ತರುಣ ದುಡಿದಿದ್ದ. ಮುಂದೆ ಪೋಪ್ ಎರಡನೇ ಜಾನ್ ಪಾಲ್ ಆದ ಅವರು 1981ರಲ್ಲಿ ದುಡಿಮೆಯ ಕುರಿತು ‘ಲಬೋರೆಮ್ ಎಕ್ಸರ್ಚೆನ್ಸ್’ ಎಂಬ ಪರಿಪತ್ರ ಬರೆದರು. ಕೆಲಸ ಇರುವುದು ಮನುಷ್ಯನಿಗಾಗಿ, ಮನುಷ್ಯ ಕೆಲಸಕ್ಕಾಗಿ ಅಲ್ಲ. ಕೆಲಸಕ್ಕೆ ಗೌರವ ಬರುವುದು ಅದನ್ನು ಮಾಡುವವನು ಮನುಷ್ಯ ಎಂಬ ಕಾರಣಕ್ಕೇ ಹೊರತು ಉತ್ಪನ್ನದ ಬೆಲೆಯಿಂದಲ್ಲ ಎಂಬುದು ಅದರ ಸಾರ.

ಹಾಗಾದರೆ ಮೈಗಳ್ಳರಿಗೆ ಇದೊಂದು ನೆಪವಾಗದೇ? ಕೂತು ಉಣ್ಣುವವರಿಗೆ ಕುಡಿಕೆ ಹೊನ್ನೂ ಸಾಲದೆಂದು ನಮ್ಮ ಹಿರಿಯರೂ ಹೇಳಿದ್ದಾರೆ. ದುಡಿಯಲು ಮನಸ್ಸಿಲ್ಲದವನನ್ನು ಸಂತ ಪೌಲನೂ ಗದರಿಸುತ್ತಾನೆ. ಆದರೆ ಮನಸ್ಸಿಲ್ಲದವನೇ ಬೇರೆ, ಮೈಯಲ್ಲಿ ಕಸುವಿಲ್ಲದವನೇ ಬೇರೆ, ಕೆಲಸವೇ ಸಿಗದವನೇ ಬೇರೆ. ಮೊದಲನೆಯವನಿಗೆ ಬುದ್ಧಿ ಹೇಳಬೇಕು, ಉಳಿದಿಬ್ಬರಿಗೆ ಆಸರೆಯಾಗಬೇಕು. ಬುದ್ಧಿ ಹೇಳುವಾಗಲೂ ಅವನು ಮನುಷ್ಯನೆಂಬುದನ್ನು ಮರೆಯುವಂತಿಲ್ಲ.

ಈ ತತ್ತ್ವವನ್ನು ಒಪ್ಪಲು ಕಥೋಲಿಕರೇ ಆಗಬೇಕಿಲ್ಲ, ಆದರೆ ಒಪ್ಪಿದರೆ ನಡೆನುಡಿ ಬದಲಾಗಬೇಕು. ಸಂಧ್ಯಾ ಸುರಕ್ಷಾ ಪಿಂಚಣಿಗೆ ಸರದಿಯಲ್ಲಿ ನಿಂತ ಅಜ್ಜಿ ಭಿಕ್ಷೆಗೆ ಬಂದವಳಲ್ಲ. ಹಾಸಿಗೆ ಹಿಡಿದ ಅಪ್ಪ ಮನೆಗೆ ಭಾರವಲ್ಲ. ಅವರನ್ನು ಮಾತಾಡಿಸುವಾಗ ನಮ್ಮ ದನಿಯಲ್ಲಿ ಉಪಕಾರದ ಗತ್ತು ಬೇಡ.